ಫಾರ್ಮಲಿನ್: ಗುಣ, ಅಪಾಯ, ಉಪಯೋಗ

(ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಮಡಕಶಿರದ ಈ ಶಾಲೆಯಲ್ಲಿ ಓದಿದವರಿಗೆಲ್ಲ ವಿಜ್ಞಾನ ಕೊಠಡಿಯ ಬೀರುವಿನ ಗಾಜಿನ ಜಾಡಿಗಳು ನೆನಪಿರಬೇಕು. ಕಪ್ಪೆ, ಚೇಳು, ಹಾವಿನ ಮರಿ ಅವುಗಳಲ್ಲಿವೆ. ಹಳೆಯ ದ್ರಾವಣವನ್ನು ಚರಂಡಿಗೆ ಚೆಲ್ಲಿ, ಹೊಸದನ್ನು ಮಕ್ಕಳ ಕೈಯಿಂದಲೇ ತುಂಬಿಸಿ ವಸ್ತುಪ್ರದರ್ಶನದಲ್ಲಿ ಇಡೋಣವೆಂಬ ಸಲಹೆ ಬಂದಿತು. ನಾನು ಒಪ್ಪಲಿಲ್ಲ. ಅದರ ಕಾರಣವನ್ನು ನಿವೇದಿಸಲು ಇಲ್ಲಿ ನಿಂತಿದ್ದೇನೆ.

ಆ ದ್ರಾವಣವೇ ಫಾರ್ಮಲಿನ್. ಫಾರ್ಮಾಲ್ಡಿಹೈಡ್ ಎಂಬುದು ಬಣ್ಣವಿಲ್ಲದ, ಘಾಟು ವಾಸನೆಯ ಅನಿಲ. ಅದನ್ನು ತೂಕದಲ್ಲಿ ಶೇಕಡಾ ಸುಮಾರು 37ರಷ್ಟು ನೀರಿನಲ್ಲಿ ಕರಗಿಸಿದರೆ ಫಾರ್ಮಲಿನ್ ಆಗುತ್ತದೆ. ಜಾಡಿಗಳಿಗೆ ಇದನ್ನೇ ತೆಳುಮಾಡಿ ತುಂಬುತ್ತಾರೆ. ಪ್ರೋಟೀನ್ ಅಣುಗಳನ್ನು ಒಂದಕ್ಕೊಂದು ಬಿಗಿದು ಹೆಣೆಯುವುದು ಇದರ ಮುಖ್ಯ ಗುಣ. 1893ರಲ್ಲಿ ಜರ್ಮನಿಯ ವೈದ್ಯ ಫರ್ಡಿನಾಂಡ್ ಬ್ಲೂಮ್, ಪ್ರಯೋಗದ ನಡುವೆ ತಮ್ಮ ಬೆರಳಿನ ಚರ್ಮವೇ ಗಟ್ಟಿಯಾದುದನ್ನು ಕಂಡು ಈ ಗುಣವನ್ನು ಅರಿತರು. ಅಂದಿನಿಂದ ಅಂಗಾಂಶಗಳನ್ನು ಕೊಳೆಯದಂತೆ ಕಾಪಾಡಲು ಇದು ಬಳಕೆಗೆ ಬಂದಿತು.

ಬಂಧುಗಳೇ, ಈ ಬಿಗಿಯುವ ಗುಣವೇ ಅಪಾಯಕ್ಕೂ ಮೂಲ. ಉಸಿರಿನೊಡನೆ ಒಳಹೊಕ್ಕ ಆವಿಯು ಮೂಗಿನ ಒಳಪದರದ ಜೀವಕೋಶಗಳಲ್ಲಿ ಪ್ರೋಟೀನನ್ನು ವಂಶವಾಹಿ ವಸ್ತುವಿಗೇ ಬಂಧಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ಒಮ್ಮೆ ಮೂಸಿದ ಮಾತ್ರಕ್ಕೆ ರೋಗ ಬರುವುದೆಂದು ಇದರ ಅರ್ಥವಲ್ಲ. ಮುಖ್ಯ ಸಾಕ್ಷ್ಯ ದೊರೆತದ್ದು ವರ್ಷಗಟ್ಟಲೆ ಈ ಆವಿಯ ನಡುವೆ ದುಡಿದವರಿಂದ. ಆದರೂ ಕಣ್ಣು, ಮೂಗು, ಗಂಟಲು ಉರಿಯಲು ಕೆಲವು ನಿಮಿಷಗಳು ಸಾಕು. ಸ್ವಲ್ಪ ಹೊತ್ತಿಗೆ ವಾಸನೆ ತಿಳಿಯದಂತಾಗುತ್ತದೆ. ಮೂಗು ಒಗ್ಗಿರುತ್ತದೆಯೇ ಹೊರತು ಆವಿ ಹೋಗಿರುವುದಿಲ್ಲ.

ಹಾಗಾದರೆ ಇದನ್ನು ಲೋಕದಿಂದಲೇ ಹೊರಹಾಕಬಾರದೇಕೆ? ನಮ್ಮ ಸೀಮೆಯವರು ಬೆಂಗಳೂರಿನ ಕಿದ್ವಾಯಿಯಂತಹ ಆಸ್ಪತ್ರೆಗೆ ಹೋದಾಗ, ಗಡ್ಡೆಯಿಂದ ತೆಗೆದ ಚೂರನ್ನು ಸಾಮಾನ್ಯವಾಗಿ ಮೊದಲು ಇಡುವುದು ಫಾರ್ಮಲಿನ್‌ನಲ್ಲಿಯೇ. ಅನಂತರ ಅದನ್ನು ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ನಿರ್ಣಯಿಸುತ್ತಾರೆ. ಕ್ಯಾನ್ಸರ್ ತರಬಲ್ಲ ವಸ್ತುವೇ ಕ್ಯಾನ್ಸರನ್ನು ಗುರುತಿಸಲು ನೆರವಾಗುತ್ತಿದೆ. ಅಲ್ಲಿ ಕೈಗವಸು ಇದೆ, ಆವಿಯನ್ನು ಹೊರಗೆಳೆಯುವ ವ್ಯವಸ್ಥೆ ಇದೆ, ಎಲ್ಲಕ್ಕೂ ಮಿಗಿಲಾಗಿ ತಿಳುವಳಿಕೆ ಇದೆ.

ನಮ್ಮಲ್ಲಿಯೂ ಆ ತಿಳುವಳಿಕೆ ಇರಲಿ. ಜಾಡಿಗಳು ಮುಚ್ಚಿದಂತೆಯೇ, ಹೆಸರಿನ ಚೀಟಿಯೊಡನೆ, ಗಾಳಿಯಾಡುವ ಕೋಣೆಯಲ್ಲಿ ಬೀಗದೊಳಗಿರಲಿ. ಹೈಡ್ರೋಕ್ಲೋರಿಕ್ ಆಮ್ಲದ ಪಕ್ಕದಲ್ಲಿ ಇವನ್ನು ಇಡಬಾರದು. ಎರಡೂ ಬೆರೆತರೆ ಇನ್ನೂ ಘೋರವಾದ ಕ್ಯಾನ್ಸರ್‌ಕಾರಕ ಹುಟ್ಟಬಹುದು. ವಿಲೇವಾರಿಯ ಕೆಲಸ ಬಲ್ಲವರಿಗೇ ಬಿಟ್ಟದ್ದು; ಚರಂಡಿಗೆ ಒಂದು ಹನಿಯೂ ಬೀಳಕೂಡದು.

ಮಕ್ಕಳೇ, ಗಾಜಿನ ಹೊರಗಿನಿಂದ ಕಣ್ತುಂಬ ನೋಡಿ, ಪ್ರಶ್ನೆ ಕೇಳಿ. ಮುಚ್ಚಳವನ್ನು ಮಾತ್ರ ಮುಟ್ಟಬೇಡಿ. ನೂರು ವರ್ಷ ಮಕ್ಕಳನ್ನು ಓದಿಸಿದ ಶಾಲೆಗೆ ಅವರ ಉಸಿರನ್ನು ಕಾಯುವ ಹೊಣೆಯೂ ಇದೆ.