ಯಾವ ಚಿತ್ರಕ್ಕೆ ಯಾವ ಹಾಡು

(ಬೆಳ್ಳಿಹಬ್ಬದ ದಿನ ಸಂಜೆ ಚಿತ್ರ ಪ್ರದರ್ಶನಕ್ಕೆ ಮುನ್ನ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಗಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. 2000ನೇ ಇಸವಿಯಲ್ಲಿ ಹುಟ್ಟಿದ ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಈ 2025ರಲ್ಲಿ ಇಪ್ಪತ್ತೈದು ತುಂಬಿದೆ. ವಿಶ್ವಸಂಸ್ಥೆಯವರು ಇದೇ ವರ್ಷವನ್ನು ಅಂತಾರಾಷ್ಟ್ರೀಯ ಸಹಕಾರ ವರ್ಷ ಎಂದು ಸಾರಿರುವುದು ನಮ್ಮ ಪುಣ್ಯ. ಈ ಸಂದರ್ಭದಲ್ಲಿ ಸಂಘದ ಹಳೆಯ ಫೋಟೋಗಳನ್ನು ಹಾಡಿನ ಜೊತೆ ಪರದೆ ಮೇಲೆ ತೋರಿಸುವ ಕೆಲಸವನ್ನು ಆಡಳಿತ ಮಂಡಳಿ ನನಗೆ ವಹಿಸಿತು. ಸುಲಭದ ಕೆಲಸ ಅಂತ ಒಪ್ಪಿಕೊಂಡೆ. ಸುಲಭ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅದನ್ನೇ ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಮನೆಮನೆಗೆ ಹೋಗಿ ಫೋಟೋ ಕೇಳಿದೆವು. ಸಂಘ ಶುರುವಾದಾಗ ಕ್ಯಾಮೆರಾಕ್ಕೆ ಒಂದು ರೀಲು ಹಾಕಿದರೆ 36 ಫೋಟೋ, ಇಡೀ ಸಮಾರಂಭ ಅಷ್ಟರಲ್ಲೇ ಮುಗಿಯಬೇಕು. ಈಗ ಒಬ್ಬೊಬ್ಬರ ಮೊಬೈಲಿನಲ್ಲೂ ನೂರಾರು. ಆಲ್ಬಮ್ಮಿನ ಫೋಟೋಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಡಿಸಿ, ಜಗಲಿಯ ನೆರಳಿನಲ್ಲಿಟ್ಟು ಮೊಬೈಲಿನಲ್ಲಿ ತೆಗೆದುಕೊಂಡೆವು. ಬಿಸಿಲಿಗಿಟ್ಟರೆ ಹೊಳಪು ಹೊಡೆದು ಮುಖವೇ ಕಾಣುವುದಿಲ್ಲ. ಒಟ್ಟು ಆರುನೂರು ಫೋಟೋ ಸೇರಿದವು. ಒಂದಕ್ಕೆ ಆರು ಸೆಕೆಂಡು ಅಂದರೂ ಒಂದು ಗಂಟೆ. ಅಷ್ಟು ಹೊತ್ತು ಯಾರು ತಾನೇ ಕೂರುತ್ತಾರೆ? ಒಂದೇ ತರಹದವನ್ನು ತೆಗೆದು, ತೆಗೆದು, ನೂರಮೂವತ್ತಕ್ಕೆ ಇಳಿಸಿದೆವು.

ನಮ್ಮ ಕಾರ್ಯದರ್ಶಿಯವರ ಮಗಳು ಕಾಲೇಜು ಓದುತ್ತಿರುವ ಹುಡುಗಿ. ಕಂಪ್ಯೂಟರಿನಲ್ಲಿ ಪವರ್ ಪಾಯಿಂಟ್ ಎಂಬುದರಲ್ಲಿ ಫೋಟೋಗಳನ್ನು ಸಾಲಾಗಿ ಜೋಡಿಸಿ, ಗುಂಪು ಗುಂಪಿಗೆ ಒಂದೊಂದು ಹಾಡು ಇಟ್ಟಳು. ಅದರಲ್ಲಿ ಒಂದು ವ್ಯವಸ್ಥೆ ಇದೆ. ಹಾಡನ್ನು ಗುಂಪಿನ ಮೊದಲ ಚಿತ್ರಕ್ಕೆ ಕಟ್ಟಿ, ‘ಇಷ್ಟು ಚಿತ್ರ ಆದಮೇಲೆ ನಿಲ್ಲು’ ಅಂತ ಲೆಕ್ಕ ಕೊಡಬೇಕು. ಹನ್ನೆರಡು ಅಂದರೆ ಹನ್ನೆರಡು. ಮುಂದೆ ಇರುವುದು ಮದುವೆಯೋ ಮರಣವೋ ಅದಕ್ಕೆ ಗೊತ್ತಿಲ್ಲ.

ಹೋದ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಇದನ್ನು ಒಮ್ಮೆ ಹಾಕಿ ನೋಡಿದ್ದು ನಿಮಗೆಲ್ಲ ನೆನಪಿರಬಹುದು. ಮೊದಲ ವಾರ್ಷಿಕೋತ್ಸವದ ದಿನ ಶಾಲೆ ಮಕ್ಕಳು ಕುಣಿದ ಹನ್ನೆರಡು ಫೋಟೋಕ್ಕೆ ಒಂದು ಕುಣಿತದ ಹಾಡು ಹಾಕಿದ್ದೆವು. ಅದರ ಹಿಂದೆಯೇ ಬರಗಾಲದ ಫೋಟೋಗಳು. 2001ರಿಂದ ಮೂರು ವರ್ಷ ರಾಜ್ಯದಲ್ಲಿ ಮಳೆ ಕೈಕೊಟ್ಟದ್ದು, ಸಂಘ ಇನ್ನೂ ಕೂಸಾಗಿದ್ದಾಗಲೇ ಖಾಲಿ ಕ್ಯಾನು ವಾಪಸು ಹೋದದ್ದು ಹಿರಿಯರಿಗೆ ಗೊತ್ತು. ಆ ಗುಂಪಿಗೆ ಯಾವ ಹಾಡು ಅಂತ ಇನ್ನೂ ತೀರ್ಮಾನ ಆಗಿರಲಿಲ್ಲ, ಸುಮ್ಮನೆ ಬಿಟ್ಟಿದ್ದೆವು. ಸಭೆಯ ಹಿಂದಿನ ರಾತ್ರಿ, ಮಕ್ಕಳ ಫೋಟೋದಲ್ಲಿ ನಾಲ್ಕು ಮಸುಕಾಗಿವೆ ಅಂತ ನಾನೇ ತೆಗೆಸಿದೆ. ಲೆಕ್ಕ ಮಾತ್ರ ಹನ್ನೆರಡೇ ಉಳಿಯಿತು.

ಆಗಿದ್ದೇನು? ಎಂಟು ಫೋಟೋಕ್ಕೆ ಮಕ್ಕಳು ಮುಗಿದರು, ಹಾಡು ಮುಗಿಯಲಿಲ್ಲ. ಕಬ್ಬಿನ ಸೋಗೆ ಹೊರೆ ಹೊತ್ತು ಬರುತ್ತಿರುವ ನಮ್ಮ ಮೊದಲ ಟೆಸ್ಟರ್ ಅವರ ಚಿತ್ರ ಪರದೆ ಮೇಲೆ ಬಂತು, ಹಿಂದೆ ಡೋಲು ತಮಟೆ ಕುಣಿತ. ಹುಡುಗರು ಶಿಳ್ಳೆ ಹೊಡೆದರು. ಆ ಹಿರಿಯರು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅವರ ಮನೆಯವರು ಎರಡನೇ ಸಾಲಿನಲ್ಲಿ ಕೂತಿದ್ದವರು ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋದರು.

ಮಾರನೇ ದಿನ ಬೆಳಿಗ್ಗೆ ಡೈರಿ ಹತ್ತಿರ ಅಜ್ಜಿ ಸಿಕ್ಕಿದರು. ಬೈಯಲಿಲ್ಲ. ಹಾಲಿನ ಪಾತ್ರೆ ಕೆಳಗಿಟ್ಟು, “ಏನಪ್ಪಾ, ನಮ್ಮೆಜಮಾನ್ರು ಆವತ್ತು ಸೋಗೆ ಹೊತ್ತಿದ್ದು ಕುಣಿಯೋಕಾ?” ಅಂದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಲೆಕ್ಕ ತಪ್ಪಿದ್ದು ಕಂಪ್ಯೂಟರಿನಲ್ಲಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. “ತಪ್ಪಾಯ್ತು ಕಣಜ್ಜಿ, ಅದಕ್ಕೆ ಯಾವ ಹಾಡು ಹಾಕಲಿ, ನೀವೇ ಹೇಳಿ” ಅಂದೆ. “ಹಾಡು ಬ್ಯಾಡ ಕಣಪ್ಪ. ಹೆಸ್ರು ಹೇಳಿ, ಸಾಕು” ಅಂದರು.

ಬಂಧುಗಳೇ, ಆವತ್ತು ನಾನು ಕಲಿತದ್ದು ಇಷ್ಟು. ಫೋಟೋ ತಾನೇ ಏನೂ ಹೇಳುವುದಿಲ್ಲ. ಹಿಂದೆ ಬರುವ ಹಾಡು ನಗು ಅಂದರೆ ಜನ ನಗುತ್ತಾರೆ, ಅಳು ಅಂದರೆ ಅಳುತ್ತಾರೆ. ಆದ್ದರಿಂದ ಹಾಡು ಇಡುವವನ ಕೈಯಲ್ಲಿ ಒಬ್ಬರ ಮರ್ಯಾದೆ ಇರುತ್ತದೆ.

ಆಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದೆವು. ಮೊದಲು ಹಾಡು ಆರಿಸಿ ಅದು ತುಂಬುವಷ್ಟು ಫೋಟೋ ತುರುಕುವುದನ್ನು ಬಿಟ್ಟೆವು. ಮೊದಲು ಫೋಟೋ ಗುಂಪು, ಆಮೇಲೆ ಅದಕ್ಕೆ ಒಪ್ಪುವ ಹಾಡು. ನಾಲ್ಕು ನಿಮಿಷದ ಹಾಡಿಗೆ ಆರು ಸೆಕೆಂಡಿನಂತೆ ನಲವತ್ತು ಫೋಟೋ ಬೇಕು. ಇಪ್ಪತ್ತೇ ಇದ್ದರೆ ಹಾಡನ್ನು ಒಂದು ಚರಣ ಮುಗಿಯುವ ಕಡೆ ಮೆಲ್ಲಗೆ ಇಳಿಸಬೇಕು, ಮಧ್ಯದಲ್ಲಿ ಕತ್ತರಿಸಬಾರದು. ಗುಂಪು ಫೋಟೋಕ್ಕೆ ಹತ್ತು ಸೆಕೆಂಡು ಕೊಡಬೇಕು, ಯಾಕೆಂದರೆ ಪ್ರತಿಯೊಬ್ಬರೂ ತಮ್ಮ ಮುಖ ಹುಡುಕುತ್ತಾರೆ. ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಒಂದು ಕಪ್ಪು ಪರದೆ, ಅಲ್ಲಿ ಹಾಡು ಪೂರ್ತಿ ನಿಂತಿದೆಯೇ ಅಂತ ಕಿವಿಯಿಂದಲೇ ಪರೀಕ್ಷೆ. ಒಂದು ಫೋಟೋ ತೆಗೆದರೂ ಸೇರಿಸಿದರೂ ಲೆಕ್ಕ ಹೊಸದಾಗಿ ಹಾಕಬೇಕು. ಹಾಲಿನ ಲೆಕ್ಕದ ಹಾಗೇ ಇದೂ, ಒಂದು ಸಾಲು ತಪ್ಪಿದರೆ ಕೆಳಗಿನದೆಲ್ಲ ತಪ್ಪು.

ಇನ್ನೊಂದು ವಿಷಯ. ಹಾಲು ಹಾಕುವವರ ಸಾಲಿನ ಫೋಟೋಗಳಿಗೆ ಮೊದಲು ಕುವೆಂಪು ಅವರ ನೇಗಿಲಯೋಗಿ ಹಾಡನ್ನು ಇಟ್ಟಿದ್ದೆವು. 1983ರ ‘ಕಾಮನಬಿಲ್ಲು’ ಸಿನಿಮಾದಲ್ಲೂ ಅದು ಇದೆ. ಆದರೆ ಅದು ರೈತಗೀತೆ. ಹಾಡು ಶುರುವಾದ ತಕ್ಷಣ ಮುಂದಿನ ಸಾಲಿನ ಹಿರಿಯರು ಎದ್ದು ನಿಂತರು, ಹಿಂದಿನವರಿಗೆ ಪರದೆಯೇ ಕಾಣಲಿಲ್ಲ! ಎದ್ದವರದು ತಪ್ಪಲ್ಲ, ಇಟ್ಟವರದು ತಪ್ಪು. ನಾಡಗೀತೆಯೂ ಹಾಗೆಯೇ. ಸರ್ಕಾರ 2022ರಲ್ಲಿ ಅದಕ್ಕೆ ಎರಡೂವರೆ ನಿಮಿಷ ನಿಗದಿ ಮಾಡಿದೆ. ಆ ಎರಡೂವರೆ ನಿಮಿಷ ಎದ್ದು ನಿಂತು ಹಾಡುವುದಕ್ಕೆ, ಫೋಟೋ ಓಡಿಸುವುದಕ್ಕಲ್ಲ.

ಗುಂಪು ಮಾಡುವಾಗ ಮತ್ತೊಂದು ಕೊರತೆ ಕಣ್ಣಿಗೆ ಬಿತ್ತು. ಮೊದಲ ಹದಿನೈದು ವರ್ಷದ ಫೋಟೋಗಳಲ್ಲಿ ಹಾರ ಹಾಕಿಸಿಕೊಂಡ ಗಂಡಸರೇ ತುಂಬಿದ್ದಾರೆ. ಸಗಣಿ ಬಾಚಿ, ಹಾಲು ಕರೆದು, ತಂದು ಹಾಕಿದ ಹೆಣ್ಣುಮಕ್ಕಳು ಒಂದೆರಡು ಚಿತ್ರದ ಮೂಲೆಯಲ್ಲಿದ್ದಾರೆ, ಅಷ್ಟೆ. ಹಳೆಯ ಫೋಟೋ ಹೊಸದಾಗಿ ಹುಟ್ಟಿಸಲಾಗದು. ಆದರೆ ಇಂದಿನ ಸಾಲನ್ನು ತೆಗೆಯಬಹುದಲ್ಲ? ತೆಗೆದಿದ್ದೇವೆ. ಅದಕ್ಕೆ ಸಿನಿಮಾ ಹಾಡು ಒಪ್ಪಲಿಲ್ಲ. ನಮ್ಮೂರಿನ ಹೆಣ್ಣುಮಕ್ಕಳೇ ಹಾಡಿದ ರಾಗಿ ಬೀಸುವ ಪದವನ್ನು ಮೊಬೈಲಿನಲ್ಲಿ ಹಿಡಿದು ಇಟ್ಟಿದ್ದೇವೆ. ನಡುನಡುವೆ ಒಂದು ಕರು ಅಂಬಾ ಅಂದಿದೆ. ಅದನ್ನು ತೆಗೆಯುವುದು ಬೇಡ ಅಂತ ಹಾಗೆಯೇ ಬಿಟ್ಟಿದ್ದೇವೆ.

ಈಗ ನೀವು ನೋಡುವುದು ಹೀಗಿದೆ. ಉದ್ಘಾಟನೆಯ ಚಿತ್ರಗಳಿಗೆ ನಾದಸ್ವರ. ಮಕ್ಕಳ ಕುಣಿತಕ್ಕೆ ಕುಣಿತದ್ದೇ ಹಾಡು, ಎಂಟು ಫೋಟೋಕ್ಕೆ ಎಂಟೇ. ಕಟ್ಟಡ ಪಾಯದಿಂದ ತಾರಸಿಗೆ ಏರಿದ ಚಿತ್ರಗಳಿಗೆ 1972ರ ‘ಬಂಗಾರದ ಮನುಷ್ಯ’ದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ಛಲದ ಹಾಡು. ಕೊನೆಗೆ ತಾಯಂದಿರ ಪದ.

ಮಕ್ಕಳಿಗೂ ಕಟ್ಟಡಕ್ಕೂ ನಡುವೆ ಬರುವ ಎಂಟು ಚಿತ್ರಗಳಿಗೆ ಹಾಡಿಲ್ಲ. ಮೈಕು ಕೆಟ್ಟಿತು ಅಂತ ಯಾರೂ ಗಾಬರಿಯಾಗಬೇಡಿ. ಆಗ ಕಾರ್ಯದರ್ಶಿಯವರು ಬರಗಾಲದಲ್ಲಿ ಸಂಘವನ್ನು ಹೊತ್ತವರ ಹೆಸರುಗಳನ್ನು ಓದುತ್ತಾರೆ. ಅಜ್ಜಿ ಇವತ್ತು ಬಂದಿದ್ದಾರೆ, ಮೊದಲನೇ ಸಾಲಿನಲ್ಲೇ ಕೂತಿದ್ದಾರೆ. ಅಷ್ಟು ಹೊತ್ತು ದಯಮಾಡಿ ಎಲ್ಲರೂ ನಿಶ್ಶಬ್ದವಾಗಿರಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

  ಲೈಟು ಆರಿಸಬಹುದು.

ಜೈ ಹಿಂದ್, ಜೈ ಕರ್ನಾಟಕ.