ನಾಯಿಗೆ ಹಾಕುವ ತುತ್ತು

ಊಟ ಮುಗಿದ ಮೇಲೆ ತಪ್ಪಲೆಯ ತಳದಲ್ಲಿ ಉಳಿದ ಹುಳಿಯನ್ನು ಅನ್ನಕ್ಕೆ ಕಲಸಿ ನಾಯಿಗೆ ಹಾಕುವುದು ನಮ್ಮಲ್ಲಿ ಬಹುಕಾಲದ ರೂಢಿ. ಉಂಡ ಮನೆಗೆ ಎರಡು ಬಗೆಯದ ಪ್ರಾಣಿಯೆಂದು ಅದನ್ನು ಕೊಂಡಾಡುವ ನಾವು, ಆ ತುತ್ತಿನಲ್ಲಿ ಏನಿದೆಯೆಂದು ಎಂದಾದರೂ ನೋಡಿದ್ದೇವೆಯೆ?

ಮೊದಲನೆಯದು ಈರುಳ್ಳಿ. ಅದು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. 10 ಕಿಲೋ ತೂಗುವ ನಾಯಿಗೆ 150 ಗ್ರಾಂ, ಎಂದರೆ ಒಂದೆರಡು ಗಡ್ಡೆ, ಸಾಕು. ಬೇಯಿಸಿದರೂ ಒಣಗಿಸಿದರೂ ಆ ವಿಷ ಹೋಗದು. ಬೆಳ್ಳುಳ್ಳಿಯೂ ಅದೇ ಕುಲದ್ದು. ಕೇಡು ಅಂದೇ ಕಾಣಿಸುವುದಿಲ್ಲ. ಕೆಲವು ದಿನ ಕಳೆದ ಮೇಲೆ ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದುಗೆಂಪಾಗುತ್ತದೆ. ಅಷ್ಟು ಹೊತ್ತಿಗೆ ಭಾನುವಾರದ ಹುಳಿ ಯಾರಿಗೆ ನೆನಪಿರುತ್ತದೆ?

ದ್ರಾಕ್ಷಿಯ ಕಥೆ ಇನ್ನೂ ವಿಚಿತ್ರ. ಹಣ್ಣಾಗಲಿ, ಪಾಯಸದ ಒಣದ್ರಾಕ್ಷಿಯಾಗಲಿ, ಅದು ನಾಯಿಯ ಮೂತ್ರಪಿಂಡವನ್ನು ಕೆಡಿಸಬಹುದು. ಕಾರಣ ಮಾತ್ರ ಬಹುಕಾಲ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದತ್ತ ಬೆರಳು ತೋರಿಸಿದರು. ಈ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳ! ಹುಣಸೆ ತಿಂದ ನಾಯಿಗಳಲ್ಲೂ ಅದೇ ರೋಗ ಕಂಡುದನ್ನು ಅವರು 2022ರಲ್ಲಿ ವರದಿ ಮಾಡಿದರು.

ಮಕ್ಕಳು ಮುದ್ದಿನಿಂದ ಕೊಡುವ ಚಾಕೊಲೇಟೂ ಬೇಡ. ಬಣ್ಣ ಕಪ್ಪಾದಷ್ಟೂ ಅದು ನಾಯಿಯ ಹೃದಯಕ್ಕೆ ಅಪಾಯ.

ಇಂಥದನ್ನು ತಿಂದುಬಿಟ್ಟರೆ ವಾಂತಿಯಾಗಲೆಂದು ಉಪ್ಪುನೀರು ಕುಡಿಸುವವರಿದ್ದಾರೆ. ಅದು ಎರಡನೆಯ ವಿಷ. ತಿಂದದ್ದೇನು, ಎಷ್ಟು, ಯಾವ ಹೊತ್ತಿನಲ್ಲಿ ಎಂಬುದನ್ನು ಬರೆದುಕೊಂಡು, ಲಕ್ಷಣ ತೋರುವವರೆಗೆ ಕಾಯದೆ, ಪಶುವೈದ್ಯರಲ್ಲಿಗೆ ಒಯ್ಯಿರಿ. ಇನ್ನು ದಿನದ ಮಾತು: ಹುಣಸೆ, ಈರುಳ್ಳಿ ಬೀಳುವ ಮೊದಲೇ ಒಂದು ಸೌಟು ಬೆಂದ ಬೇಳೆಯನ್ನು ಬೇರೆ ತೆಗೆದಿಟ್ಟರೆ ಅನ್ನಕ್ಕೆ ಕಲಸಲು ಆಯಿತು.