ಸಂತೇಮರಹಳ್ಳಿಯ ಒಂದು ಮತ

1. ಕ್ಷೇತ್ರ

ಸಂತೇಮರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರ ಇಂದಿನ ಚುನಾವಣಾ ನಕ್ಷೆಯಲ್ಲಿ ಇಲ್ಲ. ಚಾಮರಾಜನಗರ ಜಿಲ್ಲೆಯ ಈ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಕರಗಿಹೋಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿರುವ ಯಳಂದೂರು ತಾಲ್ಲೂಕೂ ಸಂತೇಮರಹಳ್ಳಿ ಹೋಬಳಿಯೂ ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿದವು. ಹೋಬಳಿ ಕೇಂದ್ರವಾಗಿ ಊರು ಉಳಿದಿದೆ. ಕ್ಷೇತ್ರದ ಹೆಸರು ಉಳಿದಿರುವುದು ಒಂದೇ ಒಂದು ಫಲಿತಾಂಶದಿಂದ.

2004ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಪಡೆದ ಮತ 40,752. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಪಡೆದದ್ದು 40,751. ಅಂತರ ಒಂದು. ಕೃಷ್ಣಮೂರ್ತಿ ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ. ಧ್ರುವನಾರಾಯಣ ಮುಂದೆ 2009 ಮತ್ತು 2014ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಆಯ್ಕೆಯಾದರು. 2019ರಲ್ಲಿ 1,817 ಮತಗಳಿಂದ ಸೋತರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಕೃಷ್ಣಮೂರ್ತಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಕೊಳ್ಳೇಗಾಲದಲ್ಲಿ 59 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ರಾಜ್ಯದಲ್ಲಿ 224 ಕ್ಷೇತ್ರಗಳಿವೆ, ಈಗಿನ ವಿಂಗಡಣೆಯಲ್ಲಿ 36 ಪರಿಶಿಷ್ಟ ಜಾತಿಗೂ 15 ಪರಿಶಿಷ್ಟ ಪಂಗಡಕ್ಕೂ ಮೀಸಲು, ಹೆಚ್ಚು ಮತ ಪಡೆದವರೇ ವಿಜಯಿ ಎಂಬ ಮೂಲ ಸಂಗತಿಗಳು ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತವೆ. ಅವನ್ನು ಇಲ್ಲಿ ಹಿಗ್ಗಿಸುವ ಅಗತ್ಯವಿಲ್ಲ. ಈ ದತ್ತಿ ಉಪನ್ಯಾಸದ ಆಹ್ವಾನ ದೊಡ್ಡ ಗೌರವ. ಆ ಗೌರವಕ್ಕೆ ತಕ್ಕದ್ದು ಇನ್ನೂ ಇತ್ಯರ್ಥವಾಗದ ಒಂದು ಪ್ರಶ್ನೆ: ಈ ಒಂದು ಮತದಿಂದ ಕಲಿಯಬೇಕಾದದ್ದು ಏನು? ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು, ಉತ್ತರ ಸರಿಯಿದ್ದರೂ ಲೆಕ್ಕದ ಹೆಜ್ಜೆಗಳನ್ನು ಬರೆಯದವರಿಗೆ ಪೂರ್ತಿ ಅಂಕ ಕೊಡದ ಮೇಷ್ಟ್ರುಗಳ ಪರಂಪರೆಯವರು. ಸಂತೇಮರಹಳ್ಳಿಯ ಲೆಕ್ಕವನ್ನು ನಾಡು ಇಪ್ಪತ್ತು ವರ್ಷಗಳಿಂದ ಹೆಜ್ಜೆ ಬರೆಯದೆ ಹೇಳುತ್ತಾ ಬಂದಿದೆ.

2. ಡ್ರೈವರ್ ಕಥೆ

ಕಥೆ ಎಲ್ಲರಿಗೂ ಗೊತ್ತು. ಸೋತ ಅಭ್ಯರ್ಥಿಯ ಕಾರಿನ ಡ್ರೈವರ್‌ಗೆ ಮತದಾನದ ದಿನ ಬಿಡುವು ಸಿಗಲಿಲ್ಲ, ಅವನೊಬ್ಬ ಮತ ಹಾಕಿದ್ದರೆ ಅಭ್ಯರ್ಥಿ ಗೆಲ್ಲುತ್ತಿದ್ದರು ಎಂಬುದು ಅದರ ಸಾರ. ಮತದಾನ ಜಾಗೃತಿಯ ಭಾಷಣಗಳಲ್ಲಿ ಇದು ನೀತಿಕಥೆಯಾಗಿ ನಿಂತಿದೆ. 2008ರ ಡಿಸೆಂಬರಿನಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಕಾಂಗ್ರೆಸ್ಸಿನ ಸಿ.ಪಿ. ಜೋಶಿ 62,215 ಮತ ಪಡೆದು, 62,216 ಪಡೆದ ಬಿಜೆಪಿಯ ಕಲ್ಯಾಣ್ ಸಿಂಗ್ ಚೌಹಾಣ್ ಎದುರು ಸೋತಾಗಲೂ ಹೆಚ್ಚುಕಡಿಮೆ ಇದೇ ಕಥೆ ಹುಟ್ಟಿತು. ಅಲ್ಲಿ ಮತ ಹಾಕದೆ ಉಳಿದವರು ಮನೆಯವರೇ ಎಂಬುದಷ್ಟೇ ವ್ಯತ್ಯಾಸ.

ಈ ಕಥೆಯಲ್ಲಿ ಮೂರು ತಪ್ಪುಗಳಿವೆ.

ಮೊದಲನೆಯದು ಕೂಡುವ ಲೆಕ್ಕದ ತಪ್ಪು. 40,751ಕ್ಕೆ ಒಂದು ಸೇರಿಸಿದರೆ 40,752. ಎದುರಾಳಿಯದೂ 40,752. ಅಂದರೆ ಗೆಲುವಿಲ್ಲ, ಸಮಬಲ. ಸಮಬಲವಾದಾಗ ಏನಾಗಬೇಕೆಂದು 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಕಲಮು ಹೇಳುತ್ತದೆ: ಚುನಾವಣಾಧಿಕಾರಿ ಚೀಟಿ ಎತ್ತಬೇಕು, ಚೀಟಿ ಯಾರ ಪಾಲಿಗೆ ಬಂತೋ ಅವರಿಗೆ ಒಂದು ಹೆಚ್ಚುವರಿ ಮತ ಬಂತೆಂದು ಭಾವಿಸಬೇಕು. ಗ್ರಾಮ ಪಂಚಾಯಿತಿ ಚುನಾವಣೆಗಳಲ್ಲಿ ಲಾಟರಿ ಎತ್ತಿದ್ದನ್ನು ಕಂಡವರಿಗೆ ಇದು ಹೊಸದಲ್ಲ. ಆದ್ದರಿಂದ ಆ ಡ್ರೈವರ್ ಬೂತಿಗೆ ಹೋಗಿದ್ದರೂ ಯಜಮಾನರಿಗೆ ಸಿಗುತ್ತಿದ್ದುದು ಅರ್ಧ ಅವಕಾಶ ಮಾತ್ರ. ಪೂರ್ತಿ ಗೆಲುವಿಗೆ ಅವನೂ ಸೇರಿ ಇಬ್ಬರು ಬೇಕಿತ್ತು, ಇಲ್ಲವೇ ಎದುರಾಳಿಯ ಒಬ್ಬ ಮತದಾರ ಈ ಕಡೆಗೆ ವಾಲಬೇಕಿತ್ತು. ವಾಲಿದ ಮತ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡುತ್ತದೆ; ಅದರ ತೂಕ ಎರಡು.

ಎರಡನೆಯದು ಕಾರಣ ಹುಡುಕುವುದರಲ್ಲಿನ ತಪ್ಪು. ಆ ದಿನ ಮತಗಟ್ಟೆಗೆ ಬಾರದವರು ಒಬ್ಬರಲ್ಲ, ಸಾವಿರಾರು ಮಂದಿ. ಕೂಲಿಗೆ ಹೋದವರು, ಹಾಸಿಗೆ ಹಿಡಿದವರು, ಪಟ್ಟಿಯಲ್ಲಿ ಹೆಸರು ಸಿಗದೆ ಹಿಂತಿರುಗಿದವರು ಪ್ರತಿ ಚುನಾವಣೆಯಲ್ಲೂ ಇರುತ್ತಾರೆ. ಅಂತರ ಒಂದೇ ಆದಾಗ ಇವರಲ್ಲಿ ಪ್ರತಿಯೊಬ್ಬರೂ ಅಷ್ಟೇ ನಿರ್ಣಾಯಕರು. ಅವರೆಲ್ಲರ ನಡುವಿನಿಂದ ಒಬ್ಬ ಸಂಬಳದ ಆಳನ್ನು ಎಳೆದು ತಂದು ಸೋಲಿನ ಹೊರೆ ಹೊರಿಸುವುದು ಅನ್ಯಾಯ. ಅದೇ ಕಾಯ್ದೆಯ 135ಬಿ ಕಲಮಿನ ಪ್ರಕಾರ ಯಾವುದೇ ಸಂಸ್ಥೆಯಲ್ಲಿ ದುಡಿಯುವ ಮತದಾರನಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು. ತಪ್ಪಿದ ಮಾಲೀಕನಿಗೆ ದಂಡ 500 ರೂಪಾಯಿವರೆಗೆ. ಬಿಡುವು ಕೊಡುವ ಹೊಣೆಯನ್ನು ಕಾನೂನು ದುಡಿಸುವವರ ಮೇಲೆ ಇಟ್ಟಿದೆ. ನೀತಿಕಥೆ ಅದನ್ನು ದುಡಿಯುವವನ ಹೆಗಲಿಗೆ ದಾಟಿಸುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಡ್ರೈವರ್‌ನ ಮತ ಯಜಮಾನರಿಗೇ ಬೀಳುತ್ತಿತ್ತು ಎಂದು ಹೇಳಲು ಯಾರಿಗೆ ಅಧಿಕಾರವಿದೆ? ಮತ ಗೋಪ್ಯ. ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಸಾಕ್ಷಿಯನ್ನು ಬಲವಂತಪಡಿಸುವಂತಿಲ್ಲ ಎಂದು ಅದೇ ಕಾಯ್ದೆಯ 94ನೇ ಕಲಮು ಹೇಳುತ್ತದೆ. ನ್ಯಾಯಾಲಯವೂ ಒತ್ತಾಯಿಸಿ ಕೇಳಲಾಗದ ಪ್ರಶ್ನೆಗೆ ಕಥೆ ಹೇಳುವವರು ಉತ್ತರ ಕೊಟ್ಟುಬಿಡುತ್ತಾರೆ. ಅನ್ನ ಕೊಟ್ಟವರಿಗೇ ಮತ ಎಂಬ ಪಾಳೇಗಾರಿ ಎಣಿಕೆ ಇದರೊಳಗೆ ಅಡಗಿದೆ. ಪರಿಶಿಷ್ಟರ ಮೀಸಲು ಕ್ಷೇತ್ರದ ಕಥೆಯಲ್ಲಿ ಈ ಎಣಿಕೆ ಉಳಿದಿರುವುದು ಇನ್ನೂ ನೋವಿನ ಸಂಗತಿ.

3. ಎದುರು ಪಕ್ಷದ ವಾದ

ಡ್ರೈವರ್ ಕಥೆಗೆ ವಿರುದ್ಧವಾದ ಇನ್ನೊಂದು ಪಂಥವಿದೆ. ಆಂಥನಿ ಡೌನ್ಸ್ 1957ರ ತಮ್ಮ ಪುಸ್ತಕದಲ್ಲಿ ಮಂಡಿಸಿದ ತರ್ಕದ ಬೆನ್ನು ಹಿಡಿದವರು ಹೇಳುವುದು ಹೀಗೆ: ಒಂದು ಮತ ಫಲಿತಾಂಶ ಬದಲಿಸುವ ಸಂಭವ ತೀರಾ ಕಡಿಮೆ; ಆದ್ದರಿಂದ ಲಾಭನಷ್ಟ ಮಾತ್ರ ನೋಡುವವನು ಮತ ಹಾಕುವ ಶ್ರಮಕ್ಕೆ ಹೋಗುವುದಿಲ್ಲ. ಸಂತೇಮರಹಳ್ಳಿ ಅವರ ಪಾಲಿಗೆ ಒಂದು ಅಪವಾದ, ಅಷ್ಟೆ. ಅವರು ಇನ್ನೂ ಒಂದು ಮಾತು ಸೇರಿಸಬಹುದು, ಅದರಲ್ಲಿ ಹುರುಳಿದೆ. 2004ರ ಸದನದಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜನತಾದಳ 58 ಸ್ಥಾನ ಗಳಿಸಿದವು. ಕಾಂಗ್ರೆಸ್ಸೂ ದಳವೂ ಕೂಡಿ ಧರ್ಮಸಿಂಗ್ ನೇತೃತ್ವದಲ್ಲಿ ಸರ್ಕಾರ ರಚಿಸಿದವು. ಸಂತೇಮರಹಳ್ಳಿಯಲ್ಲಿ ಯಾರು ಗೆದ್ದಿದ್ದರೂ ಆ ಸ್ಥಾನ ಆಡಳಿತ ಪಕ್ಷದ ಸಾಲಿನಲ್ಲೇ ಇರುತ್ತಿತ್ತು. ಒಂದು ಮತದಿಂದ ಸರ್ಕಾರವೇ ಬದಲಾಯಿತು ಎನ್ನುವವರು ಈ ಕ್ಷೇತ್ರವನ್ನು ಉದಾಹರಣೆಯಾಗಿ ಕೊಡಬಾರದು.

ಆದರೆ ಒಂದು ಮತದಿಂದ ಸದನದ ಬಹುಮತ ಬದಲಾಗುವ ಸಂದರ್ಭಗಳೂ ಉಂಟು. ಅಮೆರಿಕದ ವರ್ಜೀನಿಯಾ ರಾಜ್ಯದ ಕೆಳಮನೆಯ 94ನೇ ಕ್ಷೇತ್ರದಲ್ಲಿ 2017ರ ನವೆಂಬರಿನಲ್ಲಿ ನಡೆದ ಚುನಾವಣೆ ಅಂಥದು. ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಪಕ್ಷದ ಡೇವಿಡ್ ಯಾನ್ಸಿ 10 ಮತ ಮುಂದಿದ್ದರು. ಡಿಸೆಂಬರ್ 19ರ ಮರುಎಣಿಕೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್ 11,608–11,607ರಿಂದ ಒಂದು ಮತ ಮುಂದಾದರು. ಮರುದಿನ ಮೂವರು ನ್ಯಾಯಾಧೀಶರು ಒಂದೇ ಒಂದು ಮತಪತ್ರವನ್ನು ಕೈಗೆತ್ತಿಕೊಂಡರು. ಅದರಲ್ಲಿ ಇಬ್ಬರ ಹೆಸರಿನ ಮುಂದೆಯೂ ಗುರುತು ತುಂಬಿತ್ತು. ಸೈಮಂಡ್ಸ್ ಗುರುತಿನ ಮೇಲೆ ಒಂದು ಗೀಟು ಎಳೆದಿತ್ತು. ಮತ ಯಾನ್ಸಿಗೆ ಎಂದು ತೀರ್ಮಾನವಾಗಿ ಎರಡೂ ಕಡೆ 11,608 ಆಯಿತು. 2018ರ ಜನವರಿ 4ರಂದು ಒಂದು ಪಿಂಗಾಣಿ ಬಟ್ಟಲಿನಿಂದ ಚೀಟಿ ಎತ್ತಿದರು, ಯಾನ್ಸಿ ಗೆದ್ದರು. ಸದನ 50–50 ಆಗುವ ಬದಲು 51–49 ಆಯಿತು. 2019ರಲ್ಲಿ ಸೈಮಂಡ್ಸ್ ಅದೇ ಕ್ಷೇತ್ರವನ್ನು ಗೆದ್ದುಕೊಂಡರು.

ಸಂಭವದ ಲೆಕ್ಕ ಹೇಳುವವರು ಮರೆಯುವುದು ಇದನ್ನೇ: ಯಾವ ಚುನಾವಣೆ ಒಂದು ಮತಕ್ಕೆ ಬಂದು ನಿಲ್ಲುತ್ತದೆಂದು ಮತದಾನಕ್ಕೆ ಮೊದಲು ಯಾರಿಗೂ ತಿಳಿಯದು. ಹಾಗಿರುವಾಗ ವ್ಯವಸ್ಥೆ ಪ್ರತಿ ಕ್ಷೇತ್ರದಲ್ಲೂ ಒಂದು ಮತದ ಮಟ್ಟಿಗೆ ನಿಖರವಾಗಿರಬೇಕು.

4. ಮತ ಎಣಿಕೆಗೆ ಬರುವ ದಾರಿ

ಈ ಉಪನ್ಯಾಸದ ಮುಖ್ಯ ವಾದ ಇಲ್ಲಿದೆ. ಸಂತೇಮರಹಳ್ಳಿಯಿಂದ ಕಲಿಯಬೇಕಾದ ಪಾಠ ಹಾಕದ ಮತದ ಬಗ್ಗೆ ಅಲ್ಲ, ಹಾಕಿದ ಮತ ಎಣಿಕೆಯ ಮೇಜಿಗೆ ಬರುವ ದಾರಿಯ ಬಗ್ಗೆ.

ಮತದಾರ ಬೂತಿಗೆ ಬಂದಾಗ ನಮೂನೆ 17ಎ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಒತ್ತುತ್ತಾನೆ. ಮತದಾನ ಮುಗಿದ ಮೇಲೆ ಮತಗಟ್ಟೆಯ ಅಧಿಕಾರಿ ನಮೂನೆ 17ಸಿಯಲ್ಲಿ ಒಟ್ಟು ದಾಖಲಾದ ಮತಗಳ ಸಂಖ್ಯೆ ಬರೆದು ಅಭ್ಯರ್ಥಿಗಳ ಏಜೆಂಟರಿಗೆ ಪ್ರತಿ ಕೊಡುತ್ತಾನೆ. ಎಣಿಕೆಯ ದಿನ ಮೊಹರು ಒಡೆದು ಕಂಟ್ರೋಲ್ ಯೂನಿಟ್‌ನ ರಿಸಲ್ಟ್ ಗುಂಡಿ ಒತ್ತುತ್ತಾರೆ. ಅಭ್ಯರ್ಥಿಗಳ ಕ್ರಮಸಂಖ್ಯೆಯೂ ಮತಗಳೂ ಒಂದೊಂದಾಗಿ ಮಿನುಗುತ್ತವೆ, ಗುಮಾಸ್ತರು ಬರೆದುಕೊಳ್ಳುತ್ತಾರೆ. ಬೂತುವಾರು ಅಂಕಿಗಳೆಲ್ಲ ನಮೂನೆ 20ರಲ್ಲಿ ಕೂಡುತ್ತವೆ. ಒಂದು ಮತದ ಅಂತರ ಈ ಕಾಗದಗಳ ಮೇಲೆ ನಿಂತಿರುತ್ತದೆ.

2004ರಲ್ಲಿ ದೇಶದಾದ್ಯಂತ ಮತಯಂತ್ರವೇ ಇತ್ತು, ಮತವನ್ನು ಕಾಗದದ ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಇರಲಿಲ್ಲ. ಅದರ ನಿಯಮ ಬಂದದ್ದು 2013ರಲ್ಲಿ. ಚುನಾವಣಾ ನಿರ್ವಹಣಾ ನಿಯಮಗಳ 63ನೇ ನಿಯಮದಂತೆ ಸೋತವರು ಫಲಿತಾಂಶ ಘೋಷಣೆಗೆ ಮೊದಲು ಕಾರಣ ಕೊಟ್ಟು ಮರುಎಣಿಕೆ ಕೇಳಬಹುದು. ಆದರೆ ಕಾಗದವಿಲ್ಲದ ಯಂತ್ರದಲ್ಲಿ ಅದೇ ಗುಂಡಿಯನ್ನು ಮತ್ತೆ ಒತ್ತಿದರೆ ಅದೇ ಅಂಕಿ ಬರುತ್ತದೆ. ವರ್ಜೀನಿಯಾದ ನ್ಯಾಯಾಧೀಶರು ಕಣ್ಣಿಟ್ಟು ನೋಡಿದಂಥ ಗೀಟು ಆಗ ಇಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಆಗಿನ ಮರುಎಣಿಕೆಯಲ್ಲಿ ಬದಲಾಗಬಹುದಾಗಿದ್ದವು ಎರಡೇ: ಬರೆದುಕೊಳ್ಳುವಾಗಿನ ಮತ್ತು ಕೂಡುವಾಗಿನ ತಪ್ಪು, ಹಾಗೂ ಅಂಚೆ ಮತಪತ್ರ.

ಅಂಚೆ ಮತಪತ್ರವೇ ಈ ಚರ್ಚೆಯ ತಿರುಳು. ಸೈನಿಕರೂ ಚುನಾವಣಾ ಕರ್ತವ್ಯದ ಮೇಲಿರುವ ಶಿಕ್ಷಕರು, ಪೊಲೀಸರೂ ಹಾಕುವ ಮತ ಇದು. ಮತಪತ್ರ ಒಳಲಕೋಟೆಯಲ್ಲಿ, ಜೊತೆಗೆ ನಮೂನೆ 13ಎ ಘೋಷಣೆ, ಎರಡೂ ಹೊರಲಕೋಟೆಯಲ್ಲಿ. ಘೋಷಣೆಗೆ ಸಹಿಯಿಲ್ಲದಿದ್ದರೆ, ದೃಢೀಕರಣ ಸರಿಯಿಲ್ಲದಿದ್ದರೆ, ಒಳಲಕೋಟೆಯನ್ನು ತೆರೆಯದೆಯೇ ತಿರಸ್ಕರಿಸುತ್ತಾರೆ. ಚುನಾವಣೆ ನಡೆಸಿಕೊಟ್ಟ ಮೇಷ್ಟ್ರ ಮತ ಒಂದು ಸಹಿಯ ಕೊರತೆಯಿಂದ ಬಿದ್ದುಹೋಗುತ್ತದೆ. ಬೂತಿಗೆ ಬಾರದ ಡ್ರೈವರ್‌ನ ಬಗ್ಗೆ ಇಷ್ಟು ಕಥೆ ಹೇಳುವ ನಾಡು ಈ ಮೇಷ್ಟ್ರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಇದು ಊಹೆಯ ಮಾತಲ್ಲ ಎಂಬುದಕ್ಕೆ 2023ರ ಜಯನಗರ ಸಾಕ್ಷಿ. ಬಿಜೆಪಿಯ ಸಿ.ಕೆ. ರಾಮಮೂರ್ತಿ ಅಲ್ಲಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರನ್ನು 16 ಮತಗಳಿಂದ ಸೋಲಿಸಿದರು. ಆ ರಾತ್ರಿಯ ವಿವಾದವೆಲ್ಲ ತಿರಸ್ಕೃತ ಅಂಚೆ ಮತಗಳ ಮರುಪರಿಶೀಲನೆಯ ಸುತ್ತಲೇ ನಡೆಯಿತು. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ ಅವನ್ನು ಮತ್ತೆ ಪರಿಶೀಲಿಸಲೇಬೇಕೆಂದು ಚುನಾವಣಾ ಆಯೋಗ ವಿಧಿಸಿರುವುದು ಸರಿಯಾದ ಹೆಜ್ಜೆ.

ಯಂತ್ರವೂ ಮನುಷ್ಯನ ಕೈಯನ್ನು ನೆಚ್ಚಿದೆ. ಮತದಾನಕ್ಕೆ ಮೊದಲು ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿ, ತಾಳೆ ನೋಡಿ, ಕ್ಲಿಯರ್ ಗುಂಡಿ ಒತ್ತಬೇಕು. ಒತ್ತಲು ಮರೆತರೆ ಆ 50 ಮತಗಳು ನಿಜವಾದ ಮತಗಳ ಜೊತೆ ಉಳಿದುಬಿಡುತ್ತವೆ. ಒಂದು ಮತದಿಂದ ಗೆಲ್ಲುವ ಕ್ಷೇತ್ರದಲ್ಲಿ 50 ಎಂಬುದು ಸಣ್ಣ ಸಂಖ್ಯೆಯಲ್ಲ.

5. ನ್ಯಾಯಾಲಯದ ಬಾಗಿಲು

ಫಲಿತಾಂಶ ಘೋಷಣೆಯಾದ ಮೇಲೆ ಉಳಿಯುವುದು ಹೈಕೋರ್ಟು. ಅರ್ಜಿಗೆ ಅವಧಿ 45 ದಿನ. ಜನಪ್ರತಿನಿಧಿ ಕಾಯ್ದೆಯ 100ನೇ ಕಲಮಿನಡಿ ಅನರ್ಹ ಮತ ಸ್ವೀಕಾರವಾದದ್ದು ಅಥವಾ ಅರ್ಹ ಮತ ತಿರಸ್ಕೃತವಾದದ್ದು ಫಲಿತಾಂಶವನ್ನು ನಿಜವಾಗಿಯೂ ಬಾಧಿಸಿದೆ ಎಂದು ತೋರಿಸಬೇಕು. ಸಾವಿರಗಟ್ಟಲೆ ಅಂತರವಿದ್ದಾಗ ಇದು ಬೆಟ್ಟ ಹತ್ತುವ ಕೆಲಸ. ಅಂತರ ಒಂದಾದಾಗ ಒಂದೇ ಮತ ಸಾಕು. ನಾಥದ್ವಾರದ ಮೊಕದ್ದಮೆಯಲ್ಲಿ ಬೇರೆಯವರು ತಮ್ಮ ಹೆಸರಿನಲ್ಲಿ ಆಗಲೇ ಮತ ಹಾಕಿದ್ದರೆಂದು ಬೇರೆ ಮತಪತ್ರ ಪಡೆದವರ ಮತಗಳ ಪ್ರಶ್ನೆ ಎದ್ದಿತು. ಅರ್ಜಿಯಲ್ಲಿ ಎತ್ತದ ವಿಷಯವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಅಂದರೆ ಆ ಮತಗಳ ಗತಿ ಅರ್ಜಿ ಬರೆದವರ ಲೇಖನಿಯ ಮೇಲೂ ನಿಂತಿದೆ.

6. ತೀರ್ಪು

ಸಂತೇಮರಹಳ್ಳಿಯ ಉತ್ತರ 40,752 ಮತ್ತು 40,751. ಅದರ ಹೆಜ್ಜೆಗಳು ಮತದಾರರ ಪಟ್ಟಿ, 17ಎ, 17ಸಿ, ಅಂಚೆ ಲಕೋಟೆ ಮತ್ತು ನಮೂನೆ 20. ದತ್ತಿಯ ಹಿರಿಯರ ರೂಢಿಯಂತೆ ಅಂಕ ಕೊಡಬೇಕಾದದ್ದು ಈ ಹೆಜ್ಜೆಗಳಿಗೆ. ಮತದಾನ ಜಾಗೃತಿಯ ವೇದಿಕೆಗಳಿಂದ ಡ್ರೈವರ್ ಕಥೆಯನ್ನು ಕೆಳಗಿಳಿಸಬೇಕು. ಅದರ ಬದಲು ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳುವುದನ್ನು ಮತದಾರರಿಗೂ, 17ಸಿ ಪ್ರತಿಯನ್ನು ಕೇಳಿ ಪಡೆಯುವುದನ್ನು ಏಜೆಂಟರಿಗೂ, ಅಂಚೆ ಮತದ ಘೋಷಣೆಗೆ ಸಹಿ ಹಾಕಿಸುವುದನ್ನು ಚುನಾವಣಾ ಸಿಬ್ಬಂದಿಗೂ ಕಲಿಸಬೇಕು. ದುಡಿಯುವವರಿಗೆ ಆ ದಿನ ಬಿಡುವು ಕೊಡಬೇಕು. ಬಿಡುವು ಪಡೆದವರು ಯಾರಿಗೆ ಮತ ಹಾಕಿದರೆಂದು ಕೇಳಬಾರದು.